ಗುಡುಗು ರಾಜೀವನಗರಕ್ಕೆ ಮಾತ್ರವೇ?

ಗಾಲ್ಫ್ ಕ್ಲಬ್ಬಿನ ಮಾನ್ಯ ಕಾರ್ಯದರ್ಶಿಗಳೇ,

ನಿಮ್ಮ ಮೈದಾನದ ಕೊಳದಿಂದ ಎತ್ತಿದ ಹಳೆಯ ಚೆಂಡುಗಳನ್ನು ಎರಡು ಬಕೆಟ್ ತುಂಬ ರಾಜೀವನಗರದ ನಾಟಕ ಸಂಘಕ್ಕೆ ದಾನ ಮಾಡಿದ್ದೀರಿ. ಶ್ರೀರಾಂಪುರದ ನಮಗೆ ಒಂದೂ ಇಲ್ಲ! ನಾವೇನು ಅಪರಾಧ ಮಾಡಿದ್ದೆವು ಸ್ವಾಮಿ? ನಮ್ಮ ರಂಗದ ಮೇಲೆ ಸಿಡಿಲೇ ಬಡಿಯಬಾರದೆಂದು ನಿಮ್ಮ ಸಮಿತಿ ಠರಾವು ಮಾಡಿದೆಯೇ?

ಆಟಗಾರರಿಗೆ ಬೇಡವಾದ ಚೆಂಡು ನಾಟಕದವರಿಗೇಕೆ ಎಂದು ಈ ಬಹಿರಂಗ ಪತ್ರದ ಓದುಗರು ಕೇಳಬಹುದು. ಪರದೆಯ ಹಿಂದೆ ಓರೆಯಾಗಿಟ್ಟ ಉದ್ದನೆಯ ತಗಡಿನ ನೀರುದೋಣಿಯಲ್ಲಿ ಅವನ್ನು ಉರುಳಿಸಿದರೆ, ಆಹಾ, ಮುಂಗಾರಿನ ಗುಡುಗು! ಕಳೆದ ತಿಂಗಳು ರಾಜೀವನಗರದವರ ನಾಟಕಕ್ಕೆ ಹೋಗಿ ಈ ಕಿವಿಯಾರೆ ಕೇಳಿದೆ. ಅಲ್ಲಿ ರಾಕ್ಷಸನ ಪಾತ್ರ ಮಾಡುವ ಶಿವರಾಮು ಗಂಟಲಿಲ್ಲದ ಮನುಷ್ಯ. ಅವನ ಮಾತು ಮೊದಲ ಸಾಲಿಗೂ ಕೇಳಿಸದು. ಆದರೂ ಆ ಗುಡುಗಿನ ಬೆನ್ನೇರಿ ಬಂದವನಿಗೆ ಶಿಳ್ಳೆಯೋ ಶಿಳ್ಳೆ! ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಸೋಮಮ್ಮ ಹೇಳಿದ್ದೇನು? “ಎದೆ ಝಲ್ ಅಂದ್ಬುಡ್ತು ಕಣ್ರೀ! ನಿಮ್ ನಾಟಕದ್ ಗುಡುಗು ಅವರೆಕಾಳು ಹುರ್ದಂಗಿರ್ತದೆ.”

ಮೂವತ್ತು ವರ್ಷ ರಾಕ್ಷಸನಾಗಿ ಮೆರೆದವನು ಇದನ್ನು ಕೇಳಿ ಹೇಗೆ ಬದುಕಬೇಕು, ಮಾನ್ಯರೇ?

ನಾಚಿಕೆ ಬಿಟ್ಟು ಶಿವರಾಮುವನ್ನೇ ಒಂದು ಚೆಂಡು ಕೇಳಿದೆ. “ತಗೊಳ್ಳಣ್ಣ, ನಮ್ಮತ್ರ ಬೇಜಾನ್ ಅವೆ” ಎಂದು ಕೊಟ್ಟ. ಆ ಔದಾರ್ಯ ನೋಡಿ ಹೊಟ್ಟೆ ಇನ್ನಷ್ಟು ಉರಿಯಿತು. ಗುಟ್ಟೇನೆಂದು ತಿಳಿಯಲು ಮನೆಗೆ ತಂದು ಗರಗಸದಿಂದ ಸೀಳಿದೆ. ಒಳಗೆ ಗಟ್ಟಿ ರಬ್ಬರಿನ ಉಂಡೆ, ಹೊರಗೆ ಕುಳಿಕುಳಿಯಾದ ಪ್ಲಾಸ್ಟಿಕ್ ತೊಗಲು. ಇಷ್ಟೇ! ಇಷ್ಟಕ್ಕೇ ನನ್ನ ಸಿಂಹಾಸನ ಅಲುಗಿತೇ? ಛಲ ಹತ್ತಿ ಕ್ರಿಕೆಟ್ ಚೆಂಡು ಉರುಳಿಸಿದೆವು; ದೊಪ್ಪೆಂದಿತು. ತೆಂಗಿನಕಾಯಿ ಉರುಳಿಸಿದೆವು, ಗೋಡೆಗೆ ಬಡಿದು ಒಡೆದು, ಗುಡುಗಿಗೆ ಮೊದಲೇ ಮಳೆ ಬಂತು. ನಮ್ಮ ಹಾರ್ಮೋನಿಯಂ ಮಂಟಯ್ಯ, “ಸ್ವಾಮಣ್ಣ, ನೀನೇ ಉರುಳ್ಬುಡು, ಸರ್ಯಾಯ್ತದೆ” ಎಂದ. ಎಲ್ಲರೂ ನಕ್ಕರು.

ಆ ಚೆಂಡು ಮಣ್ಣಿನಲ್ಲಿ ಸುಲಭವಾಗಿ ಕೊಳೆಯುವ ಜಾತಿಯದಲ್ಲ. ಕೆಸರಿನಿಂದ ಎತ್ತಿ ಮರುಜನ್ಮ ಕೊಟ್ಟಿರಿ, ಪುಣ್ಯವಂತರು ನೀವು. ಆದರೆ ಮರುಜನ್ಮವೆಲ್ಲ ರಾಜೀವನಗರದಲ್ಲೇ ಆಗಬೇಕೆ?

ಬರುವ ಭಾನುವಾರ ನಮ್ಮ ನಾಟಕ. ಶಿವರಾಮು ಎದುರಿಗೇ ಕೂತು ನೋಡುತ್ತೇನೆಂದು ಹೇಳಿ ಕಳಿಸಿದ್ದಾನೆ. ಅಷ್ಟರೊಳಗೆ ಒಂದು ಬಕೆಟ್ ಚೆಂಡು ಕೊಡಿಸಿ. ಬಿರುಕು ಬಿಟ್ಟಿರಲಿ, ಪಾಚಿ ಹಿಡಿದಿರಲಿ, ತೊಳೆದುಕೊಳ್ಳುತ್ತೇವೆ. ನಿಮ್ಮಲ್ಲಿ ಒಂದೂ ಉಳಿದಿಲ್ಲವೇ? ಚಿಂತೆಯಿಲ್ಲ. ಅವರಿಗೆ ಕೊಟ್ಟ ಎರಡು ಬಕೆಟ್ಟನ್ನೂ ವಾಪಸು ತರಿಸಿಕೊಳ್ಳಿ. ನಮಗೆ ನ್ಯಾಯ ಸಿಕ್ಕಿತೆಂದೇ ತಿಳಿಯುತ್ತೇವೆ.

ಇಂತಿ,
ಇದನ್ನು ಹೊಟ್ಟೆಕಿಚ್ಚಿನಿಂದಲ್ಲ, ಕಲೆಯ ಮೇಲಿನ ಪ್ರೀತಿಯಿಂದ ಬರೆದೆನೆಂದು ಹೆಂಡತಿಯನ್ನೂ ನಂಬಿಸಲಾಗದ
ಸಿದ್ದಲಿಂಗಸ್ವಾಮಿ,
ಶ್ರೀರಾಂಪುರ