ಹೆಸರು ಹೇಳಿಸುವ ಪಾಠ

ಚಾಮರಾಜನಗರ
೯-೯-೧೯೯೮, ಬುಧವಾರ

ಪ್ರೀತಿಯ ಅವ್ವಾ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ? ಆಸ್ಪತ್ರೆಯ ನೆಲದ ಮೇಲೆ ಮಲಗಿ ಸೊಂಟ ಹಿಡಿದುಕೊಂಡಿರಬೇಕು, ಕೇಳಿದರೆ ಮಾತ್ರ ಏನೂ ಇಲ್ಲ ಅನ್ನುತ್ತೀಯ. ಅಪ್ಪ ಬೀಡಿ ಬಿಟ್ಟನೋ, ಇಲ್ಲಾ ಗೇಟಿನ ಹತ್ತಿರ ಹೋಗಿ ಸೇದಿ ಬರುತ್ತಾನೋ? ಶುಕ್ರವಾರ ಅವನಿಗೆ ಹರ್ನಿಯಾ ಆಪರೇಷನ್, ಪಕ್ಕದ ಮಂಚದವರಿಗೂ ಅವತ್ತೇ ಏನೋ ಆಪರೇಷನ್ ಎಂದು ನೀನು ಬರೆದದ್ದು ಓದಿದಾಗಿನಿಂದ ಮನಸ್ಸೆಲ್ಲ ಗುಂಡ್ಲುಪೇಟೆಯಲ್ಲೇ ಇದೆ. ಶನಿವಾರದವರೆಗೆ ನಮಗೆ ನರ್ಸಿಂಗ್ ಪ್ರಾಕ್ಟಿಕಲ್ ಪರೀಕ್ಷೆ, ರಜ ಕೊಡಲಿಲ್ಲ. ಬಚ್ಚಲಿಗೆ ಹೋಗಿ ಅತ್ತೆ. ನಿನ್ನ ಹತ್ತಿರ ಮುಚ್ಚಿಡುವುದೇನು.

ಮೊನ್ನೆ ಒಂದು ಎಡವಟ್ಟು ಮಾಡಿದೆ. ನಮ್ಮ ಭಾನು ಮೇಡಂ ತರಗತಿಯನ್ನೇ ವಾರ್ಡು ಮಾಡಿ ಒಂದು ಮಂಚದ ಮೇಲೆ ರಬ್ಬರ್ ಗೊಂಬೆಯನ್ನೂ ಇನ್ನೊಂದರ ಮೇಲೆ ನನ್ನ ಗೆಳತಿ ಚಾಮುಂಡಿಯನ್ನೂ ಮಲಗಿಸಿದ್ದರು. ಗೊಂಬೆ ದೊಡ್ಡಮಲ್ಲಪ್ಪ, ಚಾಮುಂಡಿ ವೃಷಭೇಂದ್ರಪ್ಪ. ಕಳ್ಳಿ, ಕಾಡಿಗೆಯಲ್ಲಿ ಮೀಸೆ ಬೇರೆ ಬರೆದುಕೊಂಡಿದ್ದಳು. ಮಾತ್ರೆಗೆ ಬದಲು ಪೆಪ್ಪರ್‌ಮೆಂಟು. ನಾನು ಹೋಗಿ, ಅಜ್ಜಾ ಮಾತ್ರೆ ತಗೊಳ್ಳಿ ಅಂದೆ. ಚಾಮುಂಡಿ ಬಾಯಿ ತೆರೆದಳು, ಹಾಕಿಬಿಟ್ಟೆ. ಅದು ದೊಡ್ಡಮಲ್ಲಪ್ಪನ ಮಾತ್ರೆ. ನಿಜವಾದ ವಾರ್ಡಾಗಿದ್ದರೆ ವೃಷಭೇಂದ್ರಪ್ಪ ಉಳಿಯುತ್ತಿರಲಿಲ್ಲ ಅಂದರು ಮೇಡಂ. ಚಾಮುಂಡಿ ಕಣ್ಣು ಮೇಲೆ ಮಾಡಿ ಸತ್ತೂ ತೋರಿಸಿದಳು. ಎಲ್ಲರೂ ನಕ್ಕರು, ನಾನು ಆಗ ಮಾತ್ರೆಯ ಚೀಟಿಯ ಮೇಲಿದ್ದ ಹೆಸರು ಓದಿದೆ.

ಮಂಗಳಾರತಿ ಕಾದಿದೆ ಅಂದುಕೊಂಡೆ. ಮೇಡಂ ಬೈಯಲಿಲ್ಲ. ಅಭ್ಯಾಸ ಮುಗಿದ ಮೇಲೆ ನಮ್ಮನ್ನೆಲ್ಲ ಸುತ್ತ ಕೂರಿಸಿ ಮಾತಾಡಿಸುವುದು ಅವರ ಪದ್ಧತಿ. ಏನು ನಡೆಯಿತು, ಆಗ ನಿನ್ನ ಮನಸ್ಸಿನಲ್ಲಿ ಏನಿತ್ತು, ನಾಳೆ ಏನು ಮಾಡುತ್ತೀಯ, ಇಷ್ಟೇ ಕೇಳುತ್ತಾರೆ. ತಪ್ಪು ಯಾರದು ಅನ್ನುವ ಮಾತನ್ನು ಅಲ್ಲಿ ಯಾರೂ ಎತ್ತುವಂತಿಲ್ಲ. ನಾನು ಅಳುತ್ತಲೇ, "ದೊಡ್ಡೋರ ಎಸ್ರು ಇಡ್ದು ಎಂಗ್ ಕೂಗದು ಮೇಡಂ, ನಮ್ಮನೇಲಿ ಕೂಗಲ್ಲ" ಅಂದೆ. ನೋಡಿದರೆ ಅರ್ಧ ತರಗತಿ ತಲೆಯಾಡಿಸಿತು. ಮೇಡಂ ಕೂಡ ನಮ್ಮ ಕಡೆಯ ಚಂದಕವಾಡಿಯವರೇ, ಅರ್ಥವಾಯಿತು. "ನೀ ಕೂಗ್‌ಬ್ಯಾಡ ಕಣಮ್ಮಿ. ಅವ್ರ ಬಾಯಲ್ಲೇ ಎಸ್ರು ಏಳ್ಸು, ಚೀಟಿ ನೋಡ್ಕೊ, ಆಮೇಲೆ ಕೊಡು" ಅಂದರು. ಮತ್ತೆ ಮೊದಲಿಂದ ಮಾಡಿಸಿದರು. ಅಜ್ಜಾ ನಿಮ್ಮ ಹೆಸರು ಹೇಳಿ ಅಂತ ಕೇಳಿದೆ, ಚಾಮುಂಡಿ ಮೀಸೆ ತಿರುವಿ ಹೇಳಿದಳು. ಈಗ ಹೆಸರು ಕೇಳುವ ಹೆದರಿಕೆ ಹೋಗಿದೆ. ನಾನು ಒಳ್ಳೆಯ ನರ್ಸ್ ಆಗುತ್ತೇನೆ ಅವ್ವಾ, ನೋಡುತ್ತಿರು.

ಅಪ್ಪನಿಗೆ ಧೈರ್ಯ ಹೇಳು. ಶನಿವಾರ ಸಂಜೆಯ ಬಸ್ಸಿಗೆ ಬಂದುಬಿಡುತ್ತೇನೆ. ಇಬ್ಬರ ಕಾಲನ್ನೂ ಇಲ್ಲಿಂದಲೇ ಮುಟ್ಟಿದ್ದೇನೆ ಅಂದುಕೊಳ್ಳಿ.

ನಿನ್ನ ಮಗಳು
ಶಿವರಂಜಿನಿ

ತಡಿ, ಮುಖ್ಯವಾದದ್ದನ್ನೇ ಬಿಟ್ಟೆ. ಕಾಗದ ತರುವ ಕಂಡಕ್ಟರ್ ಕನಕರಾಜಣ್ಣ ಆಗಲೇ ವಿಷಲ್ ಹೊಡೆಯುತ್ತಿದ್ದಾನೆ. ಶುಕ್ರವಾರ ಅಪ್ಪ ಮತ್ತಿನಲ್ಲಿರುತ್ತಾನೆ, ಹೆಸರು ನಿನ್ನನ್ನೇ ಕೇಳುತ್ತಾರೆ. ರೇಷನ್ ಕಾರ್ಡು ಮಾಡಿಸುವಾಗ ನಿಂತ ಹಾಗೆ ಬಾಯಿಗೆ ಸೆರಗು ಇಟ್ಟುಕೊಂಡು, ಇನ್ಯಾರಾದರೂ ಹೇಳಲಿ ಎಂದು ಕಾಯಬೇಡ. ಗಂಡನ ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುವುದಿಲ್ಲ ಅವ್ವಾ, ಅವತ್ತು ಹೇಳದಿದ್ದರೇ ನನಗೆ ಭಯ. ರಾತ್ರಿ ಶಾಲೆಯಲ್ಲಿ ಓದು ಕಲಿತಾಗಿನಿಂದ ನೀನು ಕಾಗದವನ್ನು ಗಟ್ಟಿಯಾಗಿಯೇ ಓದುವವಳು. ಅಪ್ಪನ ಮಂಚದ ಪಕ್ಕ ಕೂತು ಈ ಕೊನೆಯ ಸಾಲನ್ನೂ ಹಾಗೇ ಓದು: ನನ್ನ ಗಂಡನ ಹೆಸರು ನಾಗಯ್ಯ.