ತಾತ ಹೋದ ಕಂಡಿ

ನಡುಕೊಪ್ಪಲು
೨೯-೧೦-೨೦೦೬, ಭಾನುವಾರ

ಚಿರಂಜೀವಿ ನೇತ್ರಾವತಿಗೆ ನಿನ್ನ ಅವ್ವ ಕೃಷ್ಣಮ್ಮನ ಆಶೀರ್ವಾದಗಳು.

ಇತ್ತ ನಾನು ಕ್ಷೇಮ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿನ್ನ ಕಾಗದ ದೀಪಾವಳಿಗೆ ಮುಂಚೆಯೇ ಕೈಸೇರಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಕೂತು ಬರೆಯುವುದಕ್ಕೆ ಒಣಗಿದ ಜಾಗ ಬೇಕಲ್ಲ. ಈಗ ಮುದ್ದಮ್ಮನ ಕೊಟ್ಟಿಗೆಯಲ್ಲಿ, ಗೋದಲಿಯ ಮೇಲೊಂದು ಹಲಗೆ ಹಾಕಿಕೊಂಡು ಬರೆಯುತ್ತಿದ್ದೇನೆ. ಅವಳ ಎಮ್ಮೆ ಕತ್ತು ಚಾಚಿ ನೋಡುತ್ತಿದೆ, ಅದಕ್ಕೂ ಓದು ಬರುತ್ತದೋ ಏನೋ.

ಚನ್ನರಾಯಪಟ್ಟಣಕ್ಕೆ ಬಂದು ನಿನ್ನ ಜೊತೆ ಇರಲಾ ಅಂತ ಕೇಳಿದ್ದೆ. ರೂಮಿನ ಯಜಮಾನಿ ಜಯಲಕ್ಷ್ಮಮ್ಮನವರು ಟೀಚರುಗಳನ್ನು ಬಿಟ್ಟರೆ ಹೊರಗಿನವರನ್ನು ಸೇರಿಸುವುದಿಲ್ಲ ಅಂತ ಬರೆದಿದ್ದೀಯ. ಬಾಡಿಗೆಯವರ ಕಷ್ಟ ನನಗೆ ಹೊಸದಲ್ಲ, ಬಿಡು. ಸ್ಕೂಲಿನ ಕೆಲಸ ಎಷ್ಟೆಂದರೆ ತಾತ ಸತ್ತಾಗಿನಿಂದ ಊರು ಬಿಟ್ಟು ಒಂದು ದಿನವೂ ಆಚೆ ಹೋಗಿಲ್ಲ ಅಂತಲೂ ಬರೆದಿದ್ದೀಯ. ಅದನ್ನೂ ಓದಿದೆ. ಆದರೆ 'ಆ ಮನೆಯಲ್ಲೇ ಇದ್ದುಬಿಡು, ನಂಜುಂಡೇಶಣ್ಣನನ್ನು ಕೇಳಿ ನೋಡು' ಅಂದಿದ್ದೀಯಲ್ಲ, ಅದಕ್ಕೆ ಮಾತ್ರ ಸ್ವಲ್ಪ ಉದ್ದ ಉತ್ತರ ಬರೆಯಬೇಕು. ಸಾವಿಗೆ ನೀನು ಬರಲಾಗಲಿಲ್ಲ, ಹಾಗಾಗಿ ನಿನಗೆ ಗೊತ್ತಿಲ್ಲ.

ನೀನು ಓದಲು ಹಾಸ್ಟೆಲು ಸೇರಿದ ಮೇಲೆ ಇಲ್ಲಿಯ ಪದ್ಧತಿಯೇ ಬದಲಾಗಿದೆ. ಆಷಾಢದಲ್ಲಿ ಹೇಮಾವತಿ ಹಿನ್ನೀರು ಸುತ್ತುವರಿದು ನಮ್ಮ ಕೊಪ್ಪಲು ನಡುಗಡ್ಡೆಯಾಗುತ್ತಿದ್ದಾಗ ಮೊದಲೆಲ್ಲ ಇತ್ತ ನಾಯಿಯೂ ತಲೆಹಾಕುತ್ತಿರಲಿಲ್ಲ. ಈಗ ಶೆಟ್ಟಿಹಳ್ಳಿಯ ಪಾಳು ಚರ್ಚು ಕುತ್ತಿಗೆಯವರೆಗೆ ಮುಳುಗುವುದನ್ನು ನೋಡಲು ಕಾರುಗಟ್ಟಲೆ ಜನ, ದಡದಲ್ಲಿ ಕಾರು ಬಿಟ್ಟು ತೆಪ್ಪ ಹತ್ತಿ ಬರುತ್ತಾರೆ. ಸುಣ್ಣ ಬಳಿದು ಮಂಚ ಹಾಕಿದ ಮನೆಗಳೆಲ್ಲ ದಿನದ ಲೆಕ್ಕದಲ್ಲಿ ಹೋಗುತ್ತವೆ. ಅಣೆಕಟ್ಟೆಗೆ ಹೊಲಮನೆ ಕಳೆದುಕೊಂಡು ಬಾಡಿಗೆಗೆ ಸೇರಿದ ನಮ್ಮಂಥವರು ನೀರು ಬಂದಾಗ ಹೊರಗೆ, ನೀರು ಇಳಿದಾಗ ಒಳಗೆ. ಮಳೆಗಾಲಕ್ಕೇ ಮನೆ ಬೇಕು, ಮಳೆಗಾಲಕ್ಕೇ ಮನೆ ಇಲ್ಲ. ಹಿಂದಿನ ವರ್ಷಗಳಲ್ಲಿ ನಾನು ಮತ್ತು ತಾತ ಮಲ್ಲಿಪಟ್ಟಣದ ಕಡೆ ಹೊಗೆಸೊಪ್ಪಿನ ಕೂಲಿಗೆ ಹೋಗಿ ಅಲ್ಲೇ ಸೊಪ್ಪು ಒಣಗಿಸುವ ಬ್ಯಾರನ್ನಿನ ಪಕ್ಕ ಬಿದ್ದಿರುತ್ತಿದ್ದೆವು. ಈ ಸಲ ಅವರು ಹಾಸಿಗೆಯಿಂದ ಏಳಲಿಲ್ಲ.

ಮನೆ ಒಡೆಯ ನಂಜುಂಡೇಶ ಬಂದವನು ಹೊಸ್ತಿಲಾಚೆಯೇ ನಿಂತ. "ಕೃಷ್ಣಕ್ಕ, ಅಜ್ಜಂದ್ ಏನಾರಾ ಮಾಡು. ನೀರು ಬಂದ್ಬುಡ್ತದೆ. ಜನ ಆಗ್ಲೇ ಫೋನ್ ಮಾಡ್ತಾವ್ರೆ," ಅಂದ.

"ಏನ್ ಮಾಡ್ಲಪ್ಪ, ಕತ್ತು ಇಸುಕ್ಲಾ?" ಅಂದೆ.

"ಅಂಗಂದ್ನಾ ನಾನು? ಕೊಟ್ಟಿಗೇಲಿ ಮಲಗ್ಸು ಅಂದೆ."

ನಿನ್ನ ತಾತನ ಕಿವಿ ಮಾತ್ರ ಕೊನೆಯವರೆಗೂ ಚುರುಕು. ಒಳಗಿಂದಲೇ, "ಸಾಯಾಕೂ ನಿನ್ನ ರಜ ಕೇಳ್ಬೇಕೇನ್ಲಾ?" ಅಂದರು. ಸುಮ್ಮನೆ ಇರುವ ಜಾತಿಯಲ್ಲ ದೊಡ್ಡಬೀರಯ್ಯ.

ಆ ವಾರವೇ ಹೋದರು. ನಂಜುಂಡೇಶ ಬೈಕಿನಲ್ಲಿ ಹೊಳೆನರಸೀಪುರಕ್ಕೆ ಓಡಿ ಪಟ್ಟಾಭಿರಾಮ ಜೋಯಿಸರನ್ನು ಕರೆತಂದ. ಅವರು ಪಂಚಾಂಗ ತಿರುವಿ, "ಧನಿಷ್ಠಾ ನಕ್ಷತ್ರ. ಆರು ತಿಂಗಳು ಮನೆ ಬಿಡಬೇಕು. ಹೆಣ ತಲೆಬಾಗಿಲಿಂದ ತರಬೇಡಿ, ಹಿಂದಿನ ಗೋಡೆ ಒಡೆದು ತನ್ನಿ," ಅಂದರು. ಹಾರೆಯಲ್ಲಿ ಮೀಟಿ ಹಿನ್ನೀರಿನ ಕಡೆಯ ಗೋಡೆಗೆ ಕಂಡಿ ಕೊರೆದರು. ತಾತ ಅದರಲ್ಲಿ ಕಾಲು ಮುಂದಾಗಿ ಹೊರಗೆ ಹೋದರು. ಬಾಡಿಗೆಯ ಸೀಸನ್ನು ಮಣ್ಣುಪಾಲಾಯಿತೆಂದು ನಂಜುಂಡೇಶ ಜಗುಲಿಯಲ್ಲಿ ಕೂತು ಅತ್ತ ಅಳು ನೋಡಿ, ಬೇರೆ ಊರಿಂದ ಬಂದವರು ಅವನೇ ಮಗನೆಂದುಕೊಂಡು ಸಮಾಧಾನ ಹೇಳಿದರು.

ನನಗೆ ಆ ದುಃಖದಲ್ಲೂ ಒಳಗೊಳಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಕೆಟ್ಟ ನಕ್ಷತ್ರದ ಮನೆ ಯಾರಿಗೆ ಬೇಕು? ತಿಥಿ ಮುಗಿದ ಮೇಲೆ ಅವನನ್ನು ಕೇಳಿದೆ: "ಯಾರೂ ಕಾಲಿಡದಿರೋ ಮನೆ, ನಾನಿರ್ತೀನಿ. ನಕ್ಷತ್ರ ನನ್ ತಾವ ಏನ್ ಕಿತ್ಕತದೆ? ಕಿತ್ಕಳಾಕೆ ಏನೈತೆ?"

"ನಿನ್ನಿಷ್ಟ ಕಣಕ್ಕ. ನಾಳೆ ರಕ್ತ ಕಾರ್ಕಂಡ್ರೆ ನನ್ನ ಕೇಳ್ಬ್ಯಾಡ," ಅಂದ.

ಹೀಗೆ ಎಷ್ಟೋ ವರ್ಷದ ಮೇಲೆ ಮಳೆಗಾಲದಲ್ಲಿ ಸೂರಿನ ಕೆಳಗೆ ಮಲಗಿದೆ ಮಗಳೇ. ಕಂಡಿಗೆ ಗೋಣಿತಾಟು ಕಟ್ಟಿದ್ದೆ. ಮಳೆ ಹೊರಗೆ ಸುರಿಯುತ್ತಿತ್ತು, ನಾನು ಒಳಗೆ ಮುದ್ದೆ ತಿರುವುತ್ತಿದ್ದೆ. ಇಡೀ ಕೊಪ್ಪಲಿನ ಕಣ್ಣು ನನ್ನ ಮೇಲೆ. ಎದುರುಮನೆ ಪುಟ್ಟತಾಯಮ್ಮ ದಿನಾ ಬೆಳಗ್ಗೆ, "ಚೆನ್ನಾಗಿದ್ದೀಯೇನೇ ಕೃಷ್ಣಿ?" ಅಂತ ಕೂಗುವಳು. ನಾನೂ ಬೀಗಿಕೊಂಡು, "ಕಲ್ಲುಗುಂಡಿದ್ದಂಗಿವ್ನಿ," ಅಂತ ಕೂಗುವೆ. ಅಲ್ಲೇ ನಾನು ಕೆಟ್ಟದ್ದು. ಒಂದು ದಿನವಾದರೂ ಕೆಮ್ಮಬೇಕಿತ್ತು.

ಗೌರಿಹಬ್ಬ ಕಳೆದ ಮೇಲೆ ತೆಪ್ಪದಲ್ಲಿ ಹೋಗುತ್ತಿದ್ದ ಬೆಂಗಳೂರಿನವನೊಬ್ಬ ದಡಕ್ಕಿಳಿದು ಆ ಗೋಣಿತಾಟು ಎತ್ತಿ ಒಳಗೆ ತಲೆ ಹಾಕಿದ. ಒಳಗೆ ಬಂದು ನಿಂತು ಹೊರಗೆ ನೋಡಿದ. "ಇಡೀ ಚರ್ಚು ಇಲ್ಲಿಂದ ಕಾಣುತ್ತಲ್ಲ, ಈ ರೂಮು ಕೊಡ್ತೀರಾ?" ಅಂದ. ಮರುದಿನವೇ ಗಾರೆಯವನು ಕಿಟಕಿಯ ಚೌಕಟ್ಟು ಹೊತ್ತು ಬಂದ.

"ಆರು ತಿಂಗ್ಳಾಗಿಲ್ವಲ್ಲಪ್ಪ," ಅಂದೆ.

ನಂಜುಂಡೇಶ ನಕ್ಕ. "ನೀನ್ ಇದ್ಯಲ್ಲ, ನಿಂಗೇನಾರಾ ಆಯ್ತಾ? ಇಲ್ಲ ತಾನೆ? ಅಂಗಾರೆ ದೋಸ ಓಯ್ತು ಅಂತ್ಲೇ ಲೆಕ್ಕ. ಅಲ್ದೆ ನಕ್ಷತ್ರ ಗಿಕ್ಷತ್ರ ಎಲ್ಲ ನಮ್ಗೆ ಕಣಕ್ಕ, ಬೆಂಗ್ಳೂರೋರ್ಗೇನೈತೆ?"

ಗಾರೆ ಒಣಗುವ ಮುಂಚೆ ನನ್ನ ಪಾತ್ರೆಪಡಗ ಜಗುಲಿಗೆ ಬಂದವು. ನಾನೇ ಮೈಯೊಡ್ಡಿ ಅವನ ಮನೆಯ ದೋಷ ಕಳೆದುಕೊಟ್ಟ ಹಾಗಾಯಿತು, ಜೋಯಿಸರಿಗೆ ಕೊಡುವ ದಕ್ಷಿಣೆಯೂ ಉಳಿಯಿತು. ಅವನ ಕೊಟ್ಟಿಗೆ ಕೇಳಿದೆ. ಅದೀಗ ಕಾರಿನ ಡ್ರೈವರುಗಳಿಗಂತೆ. ಆ ಕಿಟಕಿಯ ರೂಮಿಗೇ ಎಲ್ಲಕ್ಕಿಂತ ಹೆಚ್ಚು ಗಿರಾಕಿ. ಗುಡಿಸಿ ಒರೆಸುವ ಕೆಲಸ ನನಗೇ ಕೊಟ್ಟಿದ್ದಾನೆ, ಮಧ್ಯಾಹ್ನ ಊಟವೂ ಹಾಕುತ್ತಾನೆ, ಕೆಟ್ಟವನು ಅನ್ನುವ ಹಾಗೂ ಇಲ್ಲ. ರಾತ್ರಿಗೆ ಮುದ್ದಮ್ಮನ ಕೊಟ್ಟಿಗೆ. "ಎಮ್ಮೆ ಈಯೋಗಂಟ ಇರು, ಆಮ್ಯಾಕೆ ಕರಕ್ಕೆ ಜಾಗ ಬೇಕು," ಅಂದಿದ್ದಾಳೆ. ಎಮ್ಮೆಗೆ ದಿನ ತುಂಬುತ್ತಿದೆ. ಅದರ ಹೊಟ್ಟೆ ನೋಡಿ ನೋಡಿ ನಾನು ದಿನ ಎಣಿಸುತ್ತೇನೆ.

ಇನ್ನೇನು ಬರೆಯಲಿ. ಚಳಿ ಶುರುವಾಯಿತು, ಬೆಳಗ್ಗೆ ಕಿವಿಗೆ ಏನಾದರೂ ಕಟ್ಟಿಕೊಂಡು ಸ್ಕೂಲಿಗೆ ಹೋಗು. ಜಯಲಕ್ಷ್ಮಮ್ಮನವರ ಜೊತೆ ಹೊಂದಿಕೊಂಡು ಹೋಗು, ಸೂರು ಕೊಟ್ಟವರ ಎದುರು ಮಾತಾಡಬೇಡ. ನೂರು ಕಾಲ ಬಾಳು. ನಿನಗೆ ನಿನ್ನದೇ ಒಂದು ತಲೆಬಾಗಿಲು ಆಗಲಿ, ಅದರಿಂದ ನಿನ್ನನ್ನು ಯಾರೂ ಹೊರಡಿಸದಿರಲಿ.

ನಿನ್ನ ಅವ್ವ,
ಕೃಷ್ಣಮ್ಮ

ಮರೆತ ಮಾತು: ದಸರಾ ರಜೆಯಲ್ಲಿ ಆ ರೂಮಿಗೆ ಟೀಚರುಗಳ ಗುಂಪೊಂದು ಬಂದಿತ್ತು. ತೆಪ್ಪದಿಂದ ಕೊನೆಗೆ ಇಳಿದ ಹಳದಿ ಚೂಡಿದಾರದವಳು ನೀನು. ನಾನು ಪೊರಕೆ ಹಿಡಿದಿದ್ದೆ. ನಿನ್ನ ಜೊತೆಯವರ ಮುಂದೆ ನಿನಗೆ ಅವಮಾನವಾಗುವುದು ಬೇಡವೆಂದು ಸೆರಗು ಎಳೆದುಕೊಂಡೆ. ನೀನು ನೋಡಲೇ ಇಲ್ಲ ಅಂದುಕೊಂಡಿದ್ದೆ. ಆಮೇಲೆ ನೀನು ಕಿಟಕಿಯ ಕಟ್ಟೆ ಮೇಲೆ ಕಾಲು ಆಚೆಗೆ ಇಳಿಬಿಟ್ಟು ಕೂತೆ, ಒಬ್ಬಳು ಕ್ಯಾಮೆರಾ ಹಿಡಿದಳು. ನಾನು ಪಕ್ಕದಲ್ಲಿ ನೀರಿನ ಬಿಂದಿಗೆ ಇಡುತ್ತಿದ್ದೆ. ನೀನು ತಿರುಗಿ ನನ್ನ ಮುಖವನ್ನೇ ನೋಡಿ, "ಸ್ವಲ್ಪ ಸರಿಯಮ್ಮ, ಫೋಟೋದಲ್ಲಿ ಬರ್ತೀಯ," ಅಂದೆ. ಸರಿದೆ. ಹೊರಡುವಾಗ ನೀನು, "ಉಳಿದ ಪುಳಿಯೋಗರೆ ಆ ಹೆಂಗಸಿಗೆ ಕೊಟ್ಬಿಡ್ರೇ," ಅಂದದ್ದೂ ಕೇಳಿಸಿತು. ಹಸಿವಾಗಿತ್ತು, ತಿಂದೆ. ನಂಜುಂಡೇಶನಿಗೆ ನಿನ್ನ ಗುರುತು ಸಿಕ್ಕಿತ್ತು. "ನಿನ್ ಮಗ್ಳು ಬಾಳ ಒಳ್ಳೆ ಗಿರಾಕಿ ಕಣಕ್ಕ," ಅಂದ.

ನೀನು ಕಾಲು ಇಳಿಬಿಟ್ಟಿದ್ದೆಯಲ್ಲ, ಅದೇ ಜಾಗದಿಂದ ನಿನ್ನ ತಾತನ ಕಾಲು ಹೊರಗೆ ಬಂದದ್ದು. ನನಗೇನೂ ತಗುಲಲಿಲ್ಲ, ಆದರೂ ನೀನು ಚಿಕ್ಕವಳು, ಸೋಮವಾರ ಈಶ್ವರನ ಗುಡಿಗೆ ಹೋಗಿ ತೀರ್ಥ ಹಾಕಿಸಿಕೊಂಡು ಬಾ. ಫೋಟೋ ಚೆನ್ನಾಗಿ ಬಂದಿದ್ದರೆ ಒಂದು ಪ್ರತಿ ಕಳಿಸು. ನಂಜುಂಡೇಶನ ವಿಳಾಸಕ್ಕೇ ಹಾಕು, ನನಗೀಗ ಬೇರೆ ವಿಳಾಸವಿಲ್ಲ.