ಮಹೇಶನ ಕಾರ್ಡಿಗೊಂದು ಕ್ಯಾಬಿನೆಟ್

ಜೇವರ್ಗಿ
೧೪ ಏಪ್ರಿಲ್ ೨೦೨೫

ಮಗಳು ಶಾಂಭವಿಗೆ ನಿನ್ನ ಮಾವನ ಆಶೀರ್ವಾದ.

ಹೇಗಿದ್ದೀ ತಾಯಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ? ಬಿಸಿಲಿಗೆ ನಿನಗೆ ತಲೆ ನೋಯುತ್ತದೆ, ಮಧ್ಯಾಹ್ನ ಆಳಂದದ ಬಜಾರದಲ್ಲಿ ತಿರುಗಬೇಡ. ನಿನ್ನ ಅತ್ತೆಯ ಮೊಣಕಾಲು ಮೊದಲಿನಂತೆಯೇ ಇದೆ, ಬಾಯಿಯೂ ಮೊದಲಿನಂತೆಯೇ ಇದೆ. ನಾನು ದಿನಾ ಬಟ್ಟೆ ಅಂಗಡಿಗೆ ಹೋಗುತ್ತೇನೆ, ಗಿರಾಕಿಗಳ ಜೊತೆ ಹರಟುತ್ತೇನೆ, ನಗುತ್ತೇನೆ ಕೂಡ. ಮನೆಗೆ ಬಂದು ಬಾಗಿಲಲ್ಲಿ ಮಗ ಮಹೇಶನ ಚಪ್ಪಲಿ ಕಂಡರೆ ಹೊಸ್ತಿಲಲ್ಲೇ ಕೂತುಬಿಡುತ್ತೇನೆ. ಅವನ್ನು ತೆಗೆದಿಡಲು ನಿನ್ನ ಅತ್ತೆ ಬಿಡುವುದಿಲ್ಲ, ನನಗೂ ಮನಸ್ಸಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಹೋದರೆ ಇಬ್ಬರೂ ಅಳುತ್ತೇವೆ, ಅದಕ್ಕೇ ಪತ್ರ ಬರೆಯಲು ಕೂತೆ.

ಕಂಪ್ಯೂಟರ್ ಕ್ಯಾಬಿನೆಟ್ಟಿನ ಸುದ್ದಿ ಹೇಳಬೇಕು. ಮಹೇಶ ತಂದಿಟ್ಟ ಆ ಉದ್ದನೆಯ ಗ್ರಾಫಿಕ್ಸ್ ಕಾರ್ಡು, ಕಂಪ್ಯೂಟರನ್ನು ತಂಪಾಗಿಡುವ ಮೂರು ಫ್ಯಾನಿನ ರೇಡಿಯೇಟರು ಅಲಮಾರಿಯಲ್ಲೇ ಇದ್ದವು. ನೀವಿಬ್ಬರೂ ಮದುವೆ ವಿಡಿಯೋ ಮಿಕ್ಸಿಂಗಿಗೆ ಕೂತಾಗ ಹಳೆ ಕಂಪ್ಯೂಟರು ಕಾದು, ಸರಿಯಾಗಿ ಅಕ್ಷತೆ ಬೀಳುವ ಹೊತ್ತಿಗೇ ಬಂದ್ ಬೀಳುತ್ತಿತ್ತಲ್ಲ, ಆ ಕಾಟ ತಪ್ಪಲಿ ಎಂದು ಆಸೆಪಟ್ಟು ತಂದಿದ್ದ. ಎರಡನ್ನೂ ಹಿಡಿಸುವ ಕ್ಯಾಬಿನೆಟ್ ಡಬ್ಬಿ ಆರಿಸುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ಘತ್ತರಗಿಯ ಮದುವೆ ಶೂಟಿಂಗ್ ಮುಗಿಸಿ ಬರುವಾಗ ಆ ಟಿಪ್ಪರು ಅವನನ್ನು ನಮ್ಮಿಂದ ಕಿತ್ತುಕೊಂಡಿತು. ನೀನು ಆಳಂದದ ತವರಿಗೆ ಹೊರಟಾಗ ನನಗೆ ಹೇಳಿದ್ದು ಒಂದೇ ಮಾತು: “ಮಾವಾರ, ನೀವು ಕ್ಯಾಬಿನೆಟ್ ಆರಿಸಿ ತಂದಿಡ್ರಿ. ನಾ ಬಂದು ಕೆಲಸ ಸುರು ಮಾಡ್ತೇನ್ರಿ.”

ಆರಿಸಿದೆ. ಮೊದಲ ಸಲ ಎಡವಿದೆ, ನಗಬೇಡ. ಅಂಗಡಿಯ ಮೀಟರ್ ಪಟ್ಟಿ ಇಟ್ಟು ಕಾರ್ಡಿನ ಉದ್ದ ಅಳೆದೆ, ರೇಡಿಯೇಟರಿನ ಉದ್ದ ಅಳೆದೆ, ಬಟ್ಟೆಗೆ ಬಿಡುವಂತೆ ಎರಡಕ್ಕೂ ಒಂದೊಂದು ಬೆರಳು ಹೆಚ್ಚಿಗೆ ಹಿಡಿದೆ. ಅಫಜಲಪುರದಲ್ಲಿ ಮಹೇಶನ ಗೆಳೆಯ ರಸೂಲನ ಕಂಪ್ಯೂಟರ್ ಅಂಗಡಿಯಿದೆಯಲ್ಲ, ಅವನು ಇಲ್ಲದ ಹೊತ್ತಿನಲ್ಲಿ ಹೋಗಿ, ನಿನ್ನ ಮೂಲೆಯ ಮೇಜಿನಡಿ ಸರಿಯಾಗಿ ಕೂಡುವಂಥ ಚೆಂದನೆಯ ಗಾಜಿನ ಡಬ್ಬಿ ಹೊತ್ತು ತಂದೆ. ಮಾರನೆಯ ದಿನ ರಸೂಲ ಮನೆಗೆ ಬಂದು ರೇಡಿಯೇಟರನ್ನು ಫ್ಯಾನುಗಳ ಸಮೇತ ಮುಂದುಗಡೆ ಕೂಡಿಸಿದ. ಕಾರ್ಡು ಎರಡು ಬೆರಳಿನಷ್ಟು ಹೊರಗೇ ಉಳಿಯಿತು. “ಕಾಕಾ, ಡಬ್ಬಿ ಮ್ಯಾಲೆ ಬರ್ದದ್ದು ಖಾಲಿ ಇದ್ದಾಗಿನ ಅಳತಿರಿ. ರೇಡಿಯೇಟರ್ ಮುಂದ ಕುಂತ್ರ ಅದರ ದಪ್ಪದಷ್ಟು ಜಾಗ ಕಾರ್ಡಿಗಿ ಕಮ್ಮಿ ಆಗ್ತದ” ಎಂದ. ನಾನು ದಪ್ಪ ಅಳೆದೇ ಇರಲಿಲ್ಲ. ಜೀವನವೆಲ್ಲ ಬಟ್ಟೆ ಅಳೆದವನು, ಬಟ್ಟೆಗೆ ಉದ್ದ ಇರುತ್ತದೆ, ಅಗಲ ಇರುತ್ತದೆ, ದಪ್ಪವನ್ನು ಯಾರು ಕೇಳುತ್ತಾರೆ? ನಿನ್ನ ಅತ್ತೆ ಎಷ್ಟೋ ದಿನಗಳ ಮೇಲೆ ಸೆರಗು ಬಾಯಿಗಿಟ್ಟು ನಕ್ಕಳು. ನಗುತ್ತಲೇ ಅಳತೊಡಗಿದಳು.

ಅದನ್ನು ಬದಲಿಸಿ ಈಗ ದೊಡ್ಡದು ತಂದಿದ್ದೇವೆ. ರೇಡಿಯೇಟರ್ ಮೇಲುಗಡೆ ಕೂಡುತ್ತದೆ, ಕಾರ್ಡು ಕಾಲು ಚಾಚಿ ಮಲಗುತ್ತದೆ, ಮುಂದೆ ಇನ್ನೂ ಒಂದಿಷ್ಟು ಜಾಗ ಉಳಿಯುತ್ತದೆ. ಗಾಳಿಯಾಡಲು ಮುಂದೆ ಜಾಳಿಗೆ ಇದೆ, ತೊಗರಿ ರಾಶಿಯ ಧೂಳು ಒಳಗೆ ಹೋಗದಂತೆ ತೆಗೆದು ತೊಳೆಯುವ ಪರದೆಯೂ ಇದೆ. ನಿನ್ನ ಮೇಜಿನಡಿ ಮಾತ್ರ ಹಿಡಿಸುವುದಿಲ್ಲ. “ನಡೀತದ, ಇದೇ ಇರ್ಲಿ” ಎಂದು ರಸೂಲನಿಗೆ ಹೇಳಿದೆ. ಅವನು ನನ್ನ ಮುಖ ನೋಡಿ ಸ್ಕ್ರೂ ಬಿಗಿಯತೊಡಗಿದ.

ನಿನ್ನ ಅಣ್ಣ ಮೊನ್ನೆ ಫೋನ್ ಮಾಡಿದ್ದ. ಅಫಜಲಪುರದ ಮಹಾದೇವಪ್ಪನವರ ಮಗ ನಿನ್ನನ್ನು ಕೇಳಿಕೊಂಡು ಬಂದದ್ದು, ಮದುವೆಯಾದ ಮೇಲೂ ನಿನ್ನ ಕೆಲಸ ನಡೆಯಲಿ ಎಂದದ್ದು, ನೀನು ಮುಖ ತಿರುಗಿಸಿದ್ದು, ಎಲ್ಲ ಹೇಳಿದ. “ನಾ ಜೇವರ್ಗಿ ಮನಿ ಸೊಸಿ, ನಮ್ ಮಾವಾರು ನನ್ ಸಲುವಾಗಿ ಕ್ಯಾಬಿನೆಟ್ ತರಾಕತ್ತಾರ” ಅಂದೆಯಂತೆ. ಸುಳ್ಳು ಯಾಕೆ ಹೇಳಲಿ, ಕೇಳಿ ನನಗೆ ಸಂತೋಷವಾಯಿತು. ನೀನು ಬಂದರೆ ಮನೆಯಲ್ಲಿ ಮತ್ತೆ ಮಿಕ್ಸಿಂಗಿನ ವಾಲಗದ ಸದ್ದು ಕೇಳುತ್ತದೆ, ಅರ್ಧ ಮಹೇಶ ಬಂದಂತೆ ಎಂದು ಆಸೆಯಾಯಿತು. ನಿನ್ನ ಅತ್ತೆ ಮಾತ್ರ ಆ ರಾತ್ರಿ ಊಟಕ್ಕೆ ಏಳಲಿಲ್ಲ. ನೀನು ಇಲ್ಲಿಂದ ಹೊರಟ ದಿನದ ಮಾತು ತೆಗೆದಳು. ಮನೆಯ ಹೆಣ್ಣುಮಗಳು ಹೊಸ್ತಿಲು ದಾಟುವಾಗ ಮಡಿಲಿಗೆ ಅಕ್ಕಿ ಹಾಕಿ ಉಡಿ ತುಂಬದೆ ಕಳಿಸಿದವರಲ್ಲ ನಾವು. ಆ ದಿನ ನಿನ್ನ ಅತ್ತೆ ಅಕ್ಕಿ ಮೊರಕ್ಕೆ ಹಾಕಿ ತಂದವಳು, ಗಂಡ ಹೋದವಳಿಗೆ ಉಡಿ ತುಂಬುವುದಿಲ್ಲ ಎಂದು ಓಣಿಯ ಹೆಂಗಸರು ಗೊಣಗಿದ್ದಕ್ಕೆ ಮೊರ ಹಾಗೇ ಕೆಳಗಿಟ್ಟಳು. ಬಸವಣ್ಣನ ಹೆಸರು ಹೇಳುವ ಮನೆಯಲ್ಲಿ ಸೊಸೆ ಬರಿ ಉಡಿಯಲ್ಲಿ ಬಸ್ ಹತ್ತಿದಳಲ್ಲ ಎಂಬುದು ಅವಳ ಎದೆಯಿಂದ ಇಳಿದಿಲ್ಲ.

ಅಪ್ಪ ಅಮ್ಮನಿಗೆ ನಮ್ಮ ಶರಣು ಹೇಳು. ನಿನ್ನ ಬದುಕು ತಂಪಾಗಿರಲಿ, ತಾಯಿ.

ನಿನ್ನ ಮಾವ,
ಶಾಂತಲಿಂಗಪ್ಪ

ತಾ.ಕ.: ರಸೂಲನ ಗಾಡಿ ಬಾಗಿಲಿಗೆ ಬಂದಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕ್ಯಾಬಿನೆಟ್ ಇಲ್ಲಿ ಇಟ್ಟುಕೊಳ್ಳುತ್ತಿಲ್ಲ. ಕಾರ್ಡು, ರೇಡಿಯೇಟರು ಎಲ್ಲ ಕೂಡಿಸಿ ಈ ಪತ್ರದ ಜೊತೆಗೇ ಆಳಂದಕ್ಕೆ ಕಳಿಸುತ್ತಿದ್ದೇನೆ. ಅದು ನಿನ್ನದು, ಮುಂದೆ ನೀನು ಹೋಗುವ ಮನೆಗೆ ಒಯ್ಯಿ. ಸ್ವಿಚ್ ಹಾಕುವ ಮುಂಚೆ ಪಕ್ಕದ ಬಾಗಿಲು ತೆಗೆ. ಮುಂದೆ ಜಾಗ ಉಳಿದಿದೆ ಎಂದೆನಲ್ಲ, ಅಲ್ಲಿ ನಿನ್ನ ಅತ್ತೆ ಹಸಿರು ಕುಬುಸದ ಕಣದ ಬಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಗಂಟು ಕಟ್ಟಿ ಇಟ್ಟಿದ್ದಾಳೆ. ಅಕ್ಕಿ ಫ್ಯಾನಿಗೆ ಸಿಕ್ಕೀತು, ಬೇಡ ಎಂದೆ. “ನನ್ ಮಗಳಿಗಿ ಉಡಿ ತುಂಬಾಕತ್ತೇನಿ, ನೀವು ಸುಮ್ನಿರ್ರಿ” ಎಂದಳು. ಗಂಟು ಬಿಚ್ಚಿ ಉಡಿಗೆ ಹಾಕಿಕೋ, ಮಗಳೇ. ಆಮೇಲೆ ಅಫಜಲಪುರದವರಿಗೆ ಹೂಂ ಅನ್ನು.